ಬಲಗೈಯ ಸನ್ನೆ

ಜನವರಿ 12

ಅಮ್ಮಾ,

ಫೋನಿನಲ್ಲಿ ಹೇಳಿದರೆ ನೀನು "ಆಂ? ಆಂ?" ಅನ್ನುತ್ತೀಯ, ನಾನು ಕಿರುಚುತ್ತೇನೆ, ಪಕ್ಕದ ಮನೆಯವರು ತಾಯಿ ಮಗಳಿಗೆ ಜಗಳ ಅಂದುಕೊಳ್ಳುತ್ತಾರೆ. ಆದ್ದರಿಂದ ಕಾಗದ. ಕೂತು ಓದು.

ನಿರ್ಮಾಪಕರು ಒಪ್ಪಿದರು. ನಮ್ಮ ಕಂಪನಿಯ ಹಳೆಯ ನಾಟಕ, ಅಪ್ಪ ಹದಿನಾರು ವರ್ಷ ದೋಣಿಗಾರನಾಗಿದ್ದ ನಾಟಕ, ಮ್ಯೂಸಿಕಲ್ ಆಗುತ್ತಿದೆ. ಹಾಡು ಬರೆಯುವುದೂ ನಾನೇ, ರಾಗ ಕೂರಿಸುವುದೂ ನಾನೇ. ಹಾಡುವವರು ಇಪ್ಪತ್ತೆರಡು ಜನ, ನುಡಿಸುವವರು ಒಂಬತ್ತು. ಆಗಸ್ಟಿನಲ್ಲಿ ಇಲ್ಲಿಯ ದೊಡ್ಡ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಹತ್ತು ವರ್ಷ ಬೇರೆಯವರ ಜಾಹೀರಾತಿಗೆ ಮೂವತ್ತು ಸೆಕೆಂಡಿನ ಸಂಗೀತ ಮಾಡಿಕೊಟ್ಟು ಸಾಕಾಗಿದೆ. ಇದೊಂದು ಕೈಗೂಡದಿದ್ದರೆ ನಾನು ಮತ್ತೆ ರಂಗದ ಕಡೆ ತಲೆ ಹಾಕಿ ಮಲಗುವುದಿಲ್ಲ.

ನಿನ್ನಿಂದ ಒಂದು ಆಗಬೇಕು. ಆ ನಾಟಕ ಎಂದೂ ಅಚ್ಚಾಗಲಿಲ್ಲ. ಪೂರ್ತಿ ಇರುವುದು ನಿನ್ನ ಪ್ರತಿಯೊಂದೇ. ಪಕ್ಕಪರದೆಯ ಹಿಂದೆ ಮುಕ್ಕಾಲಿಯ ಮೇಲೆ ಕುಳಿತು, ಮಾತು ಮರೆತವರಿಗೆಲ್ಲ ಮಾತು ಎತ್ತಿಕೊಡುತ್ತಿದ್ದೆಯಲ್ಲ, ಆಗ ತೊಡೆಯ ಮೇಲಿರುತ್ತಿದ್ದ ಆ ನೀಲಿ ರಟ್ಟಿನ ಪುಸ್ತಕ. ಅದನ್ನು ಕಳಿಸುತ್ತೀಯಾ? ಜೋಪಾನವಾಗಿ ನೋಡಿಕೊಳ್ಳುತ್ತೇನೆ. ಅದರ ಮೇಲೆ ಕಾಫಿ ಲೋಟ ಇಡುವುದಿಲ್ಲ.

ಇನ್ನೊಂದು. ಕೊನೆಯ ದೃಶ್ಯದಲ್ಲಿ ಅಪ್ಪ ತಡೆದು ನಿಲ್ಲುತ್ತಿದ್ದರಲ್ಲ, ಆ ಮೌನದ ಬಗ್ಗೆ ನಿನಗೆ ನೆನಪಿರುವುದನ್ನೆಲ್ಲ ಬರೆ. ಹಳಬರೆಲ್ಲ ಅದನ್ನೇ ಹೇಳುತ್ತಾರೆ.

ನಿನ್ನ
ಪಿಟೀಲು


ಜನವರಿ 24

ಪಿಟೀಲು,

ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಕಾಫಿ ಲೋಟದ ಮಾತು ನಂಬುವಷ್ಟು ದಡ್ಡಿ ನಾನಲ್ಲ, ಆದರೂ ಕಳಿಸಿದ್ದೇನೆ.

ಮ್ಯೂಸಿಕಲ್ ಎಂದು ಏನೋ ಹೊಸದನ್ನು ಕಂಡುಹಿಡಿದವಳ ಹಾಗೆ ಬರೆದಿದ್ದೀಯ. ನಮ್ಮಲ್ಲೂ ಹಾಡುಗಳಿದ್ದವು, ಹದಿನೆಂಟು. ವ್ಯತ್ಯಾಸವೆಂದರೆ, ನಮ್ಮಲ್ಲಿ ಹಾಡು ಬಂದಾಗ ಕಥೆ ನಿಂತು ಕೇಳುತ್ತಿತ್ತು. ನಿಮ್ಮಲ್ಲಿ ಹಾಡೇ ಕಥೆಯನ್ನು ಕೈ ಹಿಡಿದು ಎಳೆದುಕೊಂಡು ಹೋಗುತ್ತದಂತೆ. ನಾನು ಕರಡು ತಿದ್ದುವ ಅಚ್ಚುಕೂಟಕ್ಕೆ ಈಗ ಕಲೆಯ ಪುಸ್ತಕಗಳೂ ಬರುತ್ತವೆ. ಅಲ್ಪಸ್ವಲ್ಪ ನನಗೂ ಗೊತ್ತು.

ಕಥೆಯನ್ನು ಮಾತ್ರ ಕೆಡಿಸಬೇಡ. ಕೋಟೆಯ ಕಾವಲುಗಾರನ ಮಗಳು, ನದಿಯ ಆಚೆಯ ದೋಣಿಗಾರ. ಬೆಳಗಿನ ಗಂಟೆ ಹೊಡೆಯುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ಅವನು ಮಾತು ಕೊಟ್ಟಿದ್ದಾನೆ. ನದಿ ಉಕ್ಕುತ್ತದೆ. ಗಂಟೆ ಹೊಡೆಯುತ್ತದೆ. ಅವಳು ವಿಷ ಕುಡಿಯುತ್ತಾಳೆ. ಅವನು ಬಂದು, ಅವಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, "ನಾನು ಬಂದೆ. ಸ್ವಲ್ಪ ತಡವಾಯಿತು, ಅಷ್ಟೆ" ಅನ್ನುತ್ತಾನೆ. ಪರದೆ. ಇಷ್ಟೇ ಕಥೆ. ಇದರಲ್ಲಿ ತೆಗೆಯುವುದಕ್ಕೂ ಏನಿಲ್ಲ, ಸೇರಿಸುವುದಕ್ಕೂ ಏನಿಲ್ಲ.

ಮೌನದ ಬಗ್ಗೆ ಕೊನೆಯ ಪುಟದ ಅಂಚಿನಲ್ಲಿ ಬರೆದಿದೆ, ನೋಡಿಕೋ. "ಮೌನ 5" ಅಂತ ಇದೆ. ಅದನ್ನು ಹೊಡೆದು 10, ಮತ್ತೆ ಹೊಡೆದು 20. ವರ್ಷ ಕಳೆದಂತೆ ನಿನ್ನ ಅಪ್ಪನ ಧೈರ್ಯ ಬೆಳೆಯಿತು. ಅವರು ಸುಮ್ಮನಿರುತ್ತಿದ್ದರು, ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಹೇಳುವಂಥದ್ದು ಬೇರೇನೂ ಇಲ್ಲ.

ಊಟ ಹೊತ್ತಿಗೆ ಮಾಡು.

ನಿನ್ನ ಅಮ್ಮ


ಮಾರ್ಚ್ 3

ಅಮ್ಮಾ,

ಒಂದು ತಿಂಗಳು ಬರೆಯಲಿಲ್ಲ, ಬೈಯಬೇಡ. ನಿರ್ಮಾಪಕರ ಜೊತೆ ಹಾವು ಮುಂಗುಸಿ ಆಗಿದ್ದೆ.

ಮೊದಲ ಸಭೆಯಲ್ಲೇ ಅವರು, "ಹುಡುಗಿ ಸಾಯೋದು ಬೇಡ. ಜನ ಅಳೋಕೆ ಟಿಕೆಟ್ ತಗೊಳಲ್ಲ. ವಿಷ ಸುಳ್ಳು ವಿಷ ಆಗ್ಲಿ, ಕಣ್ಣು ಬಿಡ್ಲಿ, ಎಲ್ಲರೂ ಕುಣೀಲಿ" ಅಂದರು. ಅವರ ಲೆಕ್ಕದಲ್ಲಿ ದೋಣಿ ಕೊನೆಗೆ ಪ್ರೇಕ್ಷಕರ ತಲೆಯ ಮೇಲೆ ಗಾಳಿಯಲ್ಲಿ ತೇಲಬೇಕಂತೆ. ಅದಕ್ಕೆ ಬೇಕಾದ ಹಗ್ಗ ರಾಟೆಯನ್ನೂ ನೋಡಿಟ್ಟಿದ್ದಾರೆ. ನಾನು ಕೊನೆಯ ಹಾಡನ್ನು ಏಳು ಸಲ ಬರೆದೆ. ಏಳೂ ಕೆಟ್ಟವು. "ಸ್ವಲ್ಪ ತಡವಾಯಿತು" ಎನ್ನುವುದಕ್ಕೆ ಯಾವ ರಾಗ ಹಾಕಿದರೂ ಅವನು ತನ್ನ ದುಃಖವನ್ನು ತಾನೇ ಕೇಳಿ ಚಪ್ಪರಿಸುತ್ತಿರುವ ಹಾಗೆ ಆಗುತ್ತದೆ.

ಆಗ ಲೈಟ್ ಮಾಮನ ನೆನಪಾಯಿತು. ಕಂಪನಿಯ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಮಾಮ ಈಗ ಇದೇ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದೆ. ನಿನಗೆ ಗೊತ್ತಿತ್ತೇ, ಅಪ್ಪನ ಕೊನೆಯ ಆಟವನ್ನು ಅವರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದಾರೆ! ಕೊಡಲು ಬಹಳ ಹಿಂದೆಮುಂದೆ ನೋಡಿದರು. "ನಿಮ್ಮಮ್ಮನ್ನ ಒಂದ್ಮಾತು ಕೇಳಮ್ಮ" ಅಂದರು. ಕೇಳುತ್ತೇನೆ ಅಂದು ತಂದುಬಿಟ್ಟೆ.

ಅಮ್ಮಾ, ಅವತ್ತು ಅಪ್ಪ ಆ ಮಾತನ್ನು ಹೇಳಲೇ ಇಲ್ಲ. ಮೌನ ಶುರುವಾಗುತ್ತದೆ, ಮುಂದುವರಿಯುತ್ತದೆ, ಎಪ್ಪತ್ತನಾಲ್ಕು ಸೆಕೆಂಡು. ಯಾರೂ ಕೆಮ್ಮುವುದಿಲ್ಲ. ಆಮೇಲೆ ಚಪ್ಪಾಳೆ. ಹದಿನಾರು ವರ್ಷ ಹೇಳಿದ ಮಾತನ್ನು ಕೊನೆಯ ದಿನ ಬೇಡವೆಂದು ಬಿಟ್ಟುಬಿಟ್ಟರು. ಅದೇ ದಿನ ಬಣ್ಣದ ಕೋಣೆಯಲ್ಲಿ ಕುಸಿದರು ಎನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ನನಗೆ ಅಂತ್ಯ ಸಿಕ್ಕಿತು. ಎರಡೂವರೆ ಗಂಟೆ ಎಲ್ಲರೂ ಹಾಡುತ್ತಾರೆ. ಕೊನೆಯಲ್ಲಿ ವಾದ್ಯಗಳೆಲ್ಲ ಮೇಲೇರಿ ಅವನ ಹಾಡಿಗೆ ಜಾಗ ಮಾಡಿಕೊಡುತ್ತವೆ. ಹಾಡು ಬರುವುದಿಲ್ಲ. ಈಗಿನವರ ಕಿವಿಯಲ್ಲಿ ಒಂದು ಗುಂಡಿ ಇರುತ್ತದೆ, ಅದರಲ್ಲಿ ತಾಳ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆ ಎಪ್ಪತ್ತನಾಲ್ಕು ಸೆಕೆಂಡು ಅದನ್ನೂ ನಿಲ್ಲಿಸುತ್ತೇನೆ. ನಿರ್ಮಾಪಕರಿಗೆ ಕ್ಯಾಸೆಟ್ ಕೇಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಸಾಯ್ಲಿ ಬಿಡಿ" ಅಂದರು.

ನನಗೆ ಒಂದು ನೆನಪಿದೆ, ಯಾರಿಗೂ ಹೇಳಿಲ್ಲ. ಅವತ್ತು ನಾನು ಎರಡನೆಯ ಸಾಲಿನಲ್ಲಿದ್ದೆ, ನನಗಾಗ ಹತ್ತು ವರ್ಷ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಕ್ಯಾಸೆಟ್ಟಿನಲ್ಲಿ ಕೇಳುತ್ತದೆ, ಚಿಕ್ಕ ಕೈಯ ಚಪ್ಪಾಳೆ. ಅಪ್ಪನ ಅತಿ ದೊಡ್ಡ ಕ್ಷಣವನ್ನು ಮೊದಲು ಗುರುತಿಸಿದವಳು ನಾನು ಎಂದು ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ.

ನಿನ್ನ
ಪಿಟೀಲು


ಮಾರ್ಚ್ 15

ಮಗಳೇ,

ಆ ಅಂತ್ಯವನ್ನು ತೆಗೆದುಬಿಡು. ಕಾರಣ ಕೇಳಬೇಡ.

ಬೇಕಾದರೆ ಹುಡುಗಿ ಕಣ್ಣು ಬಿಡಲಿ, ಎಲ್ಲರೂ ಕುಣಿಯಲಿ, ದೋಣಿ ಹಾರಲಿ. ಕಥೆ ಕೆಡಿಸಬೇಡ ಅಂದಿದ್ದೆ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಕ್ಯಾಸೆಟ್ಟನ್ನು ಲೈಟ್ ಮಾಮನಿಗೆ ಹಿಂದಿರುಗಿಸು. ನಿನ್ನನ್ನು ನಾನು ಇಷ್ಟು ವರ್ಷದಲ್ಲಿ ಹೆಚ್ಚೇನೂ ಕೇಳಿಲ್ಲ. ಇದೊಂದನ್ನು ನಡೆಸಿಕೊಡು.

ಅಮ್ಮ


ಏಪ್ರಿಲ್ 2

ಅಮ್ಮಾ,

ಕಾರಣ ಹೇಳದೆ ಕೇಳಿದರೆ ನಡೆಸಿಕೊಡಲು ನಾನು ಹತ್ತು ವರ್ಷದವಳಲ್ಲ. ಇದು ನನ್ನ ಕೆಲಸ. ಇಪ್ಪತ್ತೆರಡು ಜನ ಆ ಅಂತ್ಯಕ್ಕಾಗಿ ತಾಲೀಮು ಮಾಡುತ್ತಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ನೀನು ಕಂಪನಿ ಬಿಟ್ಟೆ, ಅವರ ಬಗ್ಗೆ ಮಾತು ಬಿಟ್ಟೆ. ಅವರ ಫೋಟೋ ಸಹ ಗೋಡೆಗೆ ಹಾಕಲಿಲ್ಲ. ನೀನು ಬೀಗ ಹಾಕಿಟ್ಟಿದ್ದನ್ನೆಲ್ಲ ನಾನೂ ಬೀಗ ಹಾಕಿಡಬೇಕೇ?

ಇದನ್ನು ಕೋಪದಲ್ಲಿ ನಿನ್ನೆಯೇ ಬರೆದಿದ್ದೆ. ಇವತ್ತು ಬೇರೆ ಒಂದಾಯಿತು.

ನಮ್ಮಲ್ಲಿ ಧ್ವನಿಯ ಕೆಲಸ ನೋಡಿಕೊಳ್ಳುವವಳು ಕ್ಯಾಸೆಟ್ಟಿನ ಗುಸುಗುಸು ತೆಗೆದು ಶುದ್ಧ ಮಾಡುತ್ತಿದ್ದಳು. ನನ್ನನ್ನು ಕರೆದು, "ಇಲ್ಲಿ ಯಾರೋ ಪಿಸುಗುಡ್ತಾ ಇದಾರೆ, ಅಳಿಸಿಬಿಡ್ಲಾ?" ಎಂದು ಕೇಳಿದಳು. ಐವತ್ತೆಂಟನೆಯ ಸೆಕೆಂಡಿನಲ್ಲಿ ಒಂದು ಸಲ, ಅರವತ್ತೈದರಲ್ಲಿ ಒಂದು ಸಲ, ಎಪ್ಪತ್ತೊಂದರಲ್ಲಿ ಒಂದು ಸಲ. "ನಾನು ಬಂದೆ." ಹೆಂಗಸಿನ ದನಿ. ಮೂರನೆಯ ಸಲ ಪಿಸುಮಾತಲ್ಲ, ಹೆಚ್ಚುಕಡಿಮೆ ಕೂಗು.

ಅದು ನಿನ್ನ ದನಿ.

ಅಪ್ಪ ಬೇಕೆಂದೇ ಮಾತು ಬಿಟ್ಟಿದ್ದರೆ, ನೀನು ಯಾಕೆ ಮೂರು ಸಲ ಎತ್ತಿಕೊಟ್ಟೆ?

ಪಿಟೀಲು


ಏಪ್ರಿಲ್ 20

ಪಿಟೀಲು,

ಎಂಟು ಸಲ ಬರೆದು ಹರಿದೆ. ಊರವರ ತಪ್ಪನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದುವವಳಿಗೆ ತನ್ನದೊಂದು ಪುಟ ನೆಟ್ಟಗೆ ಬರೆಯಲು ಬರಲಿಲ್ಲ. ಇನ್ನು ನೇರವಾಗಿ ಹೇಳುತ್ತೇನೆ.

ನೀನು ಹುಟ್ಟುವ ಹಿಂದಿನ ವರ್ಷ, ಒಂದು ಆಟದಲ್ಲಿ ನಿನ್ನ ಅಪ್ಪ ಕೊನೆಯ ಮಾತಿಗೆ ಮುಂಚೆ ತಡೆದರು. ಮರೆತರೆಂದುಕೊಂಡು ನಾನು ಮಾತು ಎತ್ತಿಕೊಟ್ಟೆ. ಮುಂದಿನ ಸಾಲಿಗೆ ಕೇಳಿಸಿತು. ಒಬ್ಬ ನಕ್ಕ. ಅವನ ಹಿಂದೆ ಇನ್ನೂ ನಾಲ್ಕು ಜನ ನಕ್ಕರು. ಮನೆಯಲ್ಲಿ ನಿನ್ನ ಅಪ್ಪ ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ಊಟದ ತಟ್ಟೆಯ ಮುಂದೆ ಕೂತು ಹೇಳಿದರು: "ನಾನು ಮರೆತಿರ್ಲಿಲ್ಲ ಕಣೇ, ತಡೆದಿದ್ದೆ. ನಿಜವಾಗ್ಲೂ ಮರೆತ್ರೆ ಬಲಗೈ ಮಗುಚಿ ಅಂಗೈ ಮೇಲೆ ಮಾಡ್ತೀನಿ. ಅಲ್ಲೀವರೆಗೂ ನೀನು ಬಾಯಿ ಬಿಡಬಾರದು." ನಾನು ಆಗಲಿ ಅಂದೆ. ಮತ್ತೆಂದೂ ಅವರ ಕೈ ಮಗುಚಲಿಲ್ಲ, ನನ್ನ ಬಾಯಿ ತೆರೆಯಲಿಲ್ಲ. ಅದು ನಮ್ಮಿಬ್ಬರ ಹೆಮ್ಮೆಯಾಗಿತ್ತು. ಗಂಡ ಹೆಂಡತಿ ಮನೆಯಲ್ಲಿ ಎಷ್ಟು ಕಚ್ಚಾಡಿದರೂ ಆ ಇಪ್ಪತ್ತು ಎಣಿಕೆಯಲ್ಲಿ ಒಂದೇ ಉಸಿರು.

ಕೊನೆಯ ಆಟದ ದಿನ ನಾಯಕಿಯ ತಲೆ ಅವರ ಎಡತೋಳಿನ ಮೇಲಿತ್ತು. ಬಲಗೈ ಮೊಣಕಾಲಿನ ಮೇಲೆ. ನಾನು ಇಪ್ಪತ್ತು ಎಣಿಸಿದೆ. ಮಾತು ಬರಲಿಲ್ಲ. ಕೈಯನ್ನೇ ನೋಡುತ್ತಿದ್ದೆ. ಮೂವತ್ತು. ಪರದೆ ಎಳೆಯುವವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ತಾಳು ಎಂದು ನಾನೇ ಕೈ ಎತ್ತಿದೆ. ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಅಂದುಕೊಂಡೆ, ಮಗಳೇ. ನಲವತ್ತು ಎಣಿಸುವಾಗ ನನಗೆ ಹಿಗ್ಗು. ಇವತ್ತು ಮೂವತ್ತೂ ದಾಟಿಬಿಟ್ಟರಲ್ಲ, ಮನೆಗೆ ಹೋಗಿ ಅಂಚಿನಲ್ಲಿ 20 ಹೊಡೆದು ಹೊಸ ಅಂಕಿ ಬರೆಯಬೇಕು ಅಂದುಕೊಂಡೆ.

ಐವತ್ತು ದಾಟಿದ ಮೇಲೆ ಅವರ ತುಟಿಯ ಬಲಗಡೆ ಇಳಿದಿರುವುದು ಕಂಡಿತು. ಕೈ ಮಗುಚಿಲ್ಲ, ಮಗುಚಿಲ್ಲ ಎಂದು ಕಾಯುತ್ತಿದ್ದೆನಲ್ಲ, ಆ ಕೈಗೆ ಮಗುಚುವ ಶಕ್ತಿಯೇ ಹೋಗಿತ್ತು. ಆದರೂ ನಾನು ಎದ್ದು ಓಡಲಿಲ್ಲ. ಮಾತು ಎತ್ತಿಕೊಟ್ಟೆ. ಮೂರು ಸಲ. ಗಂಡ ಕಣ್ಣೆದುರಿಗೆ ಹೋಗುತ್ತಿದ್ದಾಗ ನನಗೆ ತಿಳಿದದ್ದು ಅದೊಂದೇ ಕೆಲಸ.

ನಾಯಕಿ ಆಮೇಲೆ ಹೇಳಿದಳು, "ಕುತ್ತಿಗೆ ಮೇಲೆ ಬಿಸಿಯಾಗಿ ಏನೋ ಬಿತ್ತು, ಅಳ್ತಿದಾರೆ ಅಂದ್ಕೊಂಡೆ ಅಕ್ಕಾ. ಸತ್ತವಳು ಹೇಗೆ ಕಣ್ಣು ಬಿಡ್ಲಿ?" ಅದು ಕಣ್ಣೀರಲ್ಲ, ಬಾಯಿಂದ ಇಳಿದ ಜೊಲ್ಲು. ಅವಳೂ ತನ್ನ ಕೆಲಸ ಮಾಡಿದಳು, ಪರದೆಯವನೂ ಮಾಡಿದ, ನಾನೂ ಮಾಡಿದೆ. ಎಲ್ಲರೂ ಅಚ್ಚುಕಟ್ಟಾಗಿ ಮಾಡಿದೆವು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಡಾಕ್ಟರು. ಆ ಎಪ್ಪತ್ತನಾಲ್ಕು ಸೆಕೆಂಡು ಮುಂಚೆ ತಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕೇಳಿದೆ. "ಏನೂ ಆಗ್ತಿರ್ಲಿಲ್ಲ ಅನ್ಸುತ್ತಮ್ಮ. ಹಾಗಂತ ಖಂಡಿತ ಹೇಳೋಕೂ ಆಗಲ್ಲ" ಅಂದರು. ಆ ಎರಡನೆಯ ವಾಕ್ಯದ ಜೊತೆ ನಾನು ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ್ದೇನೆ. ನಾಲ್ಕು ದಿನ ಇದ್ದರು, ಒಂದು ಮಾತೂ ಆಡಲಿಲ್ಲ. ಬಣ್ಣದ ಕೋಣೆಯಲ್ಲಿ ಕುಸಿದರು ಎಂಬ ಸುಳ್ಳನ್ನು ಕಟ್ಟಿದವಳು ನಾನು. ಕಂಪನಿಯವರೆಲ್ಲ ನಿನಗಾಗಿ ಅದನ್ನು ಕಾಪಾಡಿಕೊಂಡು ಬಂದರು. ಯಾಕೆಂದರೆ ಮೊದಲ ಚಪ್ಪಾಳೆ ಯಾರದೆಂದು ನಮಗೆಲ್ಲ ಗೊತ್ತಿತ್ತು.

ಇದನ್ನು ಮಾತ್ರ ಎರಡು ಸಲ ಓದು. ನಿನ್ನ ಚಪ್ಪಾಳೆಯಿಂದ ಕೇಡಾಗಲಿಲ್ಲ. ನೀನು ತಟ್ಟಿದ್ದರಿಂದಲೇ ಪರದೆ ಬಿತ್ತು. ನೀನು ತಟ್ಟದಿದ್ದರೆ ನಾನು ನಾಲ್ಕನೆಯ ಸಲವೂ ಮಾತು ಎತ್ತಿಕೊಡುತ್ತಿದ್ದೆ, ಐದನೆಯ ಸಲವೂ.

ಅಮ್ಮ


ಜೂನ್ 11

ಪಿಟೀಲು,

ಏಳು ವಾರವಾಯಿತು. ಕಾಗದ ತಲುಪಿತೋ ಇಲ್ಲವೋ ಎಂದು ಲೈಟ್ ಮಾಮನಿಗೆ ಬರೆದು ಕೇಳಿದೆ. ತಲುಪಿದೆಯಂತೆ. ನೀನು ಅವರ ಮನೆಗೆ ಹೋಗಿ ಒಂದು ಗಂಟೆ ಅವರ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಂದೆಯಂತೆ.

ಬೈದಾದರೂ ಬರೆ. ಅಂಚೆಯವನಿಗೆ ನನ್ನನ್ನು ನೋಡಿದರೆ ಸಂಕೋಚವಾಗುತ್ತಿದೆ, ಮೆಟ್ಟಿಲ ಕೆಳಗಿಂದಲೇ ಕೈ ಆಡಿಸಿ ಹೋಗುತ್ತಾನೆ.

ನಿನ್ನ ಅಮ್ಮ


ಜುಲೈ 6

ಅಮ್ಮಾ,

ಓದಿದೆ. ಎರಡು ಸಲ ಓದು ಅಂದಿದ್ದನ್ನು ಎರಡು ಸಲವೇ ಓದಿದೆ. ನಂಬಲು ಆಗಲಿಲ್ಲ.

ನಿರ್ಮಾಪಕರಿಗೆ ಬೇರೆ ಅಂತ್ಯ ಬರೆದುಕೊಟ್ಟೆ, ಹಾಡು, ಕುಣಿತ, ಹಾರುವ ದೋಣಿ, ಎಲ್ಲ. ಅವರು, "ಈಗ ಬದಲಾಯಿಸೋಕಾಗಲ್ಲಮ್ಮ" ಅಂದರು. ಪೋಸ್ಟರ್ ಗೋಡೆಗೆ ಬಿದ್ದಾಗಿದೆ. ಅದರ ಮೇಲೆ ಹಾಡಿನ ಹೆಸರಿಲ್ಲ, ನಟರ ಹೆಸರೂ ಚಿಕ್ಕದು. ದೊಡ್ಡಕ್ಷರದಲ್ಲಿ "ಎಪ್ಪತ್ತನಾಲ್ಕು ಸೆಕೆಂಡು" ಎಂದಿದೆ. ಕಾರಣ ಹೇಳಿದ್ದರೆ ಬಿಡುತ್ತಿದ್ದರೇನೋ. ಹೇಳಲಿಲ್ಲ. ಹೇಳಿದರೆ ಅದನ್ನೂ ಪೋಸ್ಟರಿಗೆ ಹಾಕುತ್ತಾರೆ.

ದಿನವೂ ತಾಲೀಮಿನಲ್ಲಿ ಆ ಜಾಗ ಬಂದಾಗ ನಾನು ಹೊರಗೆ ಹೋಗಿ, ರಂಗಮಂದಿರದ ಹಿಂದೆ ನೀರಿನ ಪೈಪುಗಳಿರುವ ಕೋಣೆಯಲ್ಲಿ ನಿಲ್ಲುತ್ತೇನೆ. ಕೊನೆಗೆ ಕಸ ಗುಡಿಸುವವರು, ಬಾಗಿಲು ಕಾಯುವವರು, ಇದ್ದಬದ್ದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಪೈಪಿನೊಳಗಿಂದಲೂ ಕೇಳುತ್ತದೆ.

ನಿನ್ನ ಮೇಲೆ ಕೋಪವಿದೆಯೇ ಎಂದು ನನಗೇ ಗೊತ್ತಿಲ್ಲ. ನೀನು ನನಗೆ ತಲೆ ಬಾಚಿದ ದಿನಗಳನ್ನೆಲ್ಲ ನೆನೆಸಿಕೊಳ್ಳುತ್ತಿದ್ದೇನೆ. ಹಿಂದೆ ನಿಂತು ಬಾಚುತ್ತಿದ್ದೆ. ಆಗ ನೀನು ನನ್ನ ಕೈಗಳನ್ನು ನೋಡುತ್ತಿದ್ದೆಯಾ?

ನಾಟಕಕ್ಕೆ ಬರಬೇಡ. ಕಾಗದವನ್ನೂ ಬರೆಯಬೇಡ.


ಸೆಪ್ಟೆಂಬರ್ 9

ಪಿಟೀಲು,

ಬರಬೇಡ ಅಂದಿದ್ದೆ, ಬಂದೆ. ಬರೆಯಬೇಡ ಅಂದಿದ್ದೆ, ಬರೆಯುತ್ತಿದ್ದೇನೆ. ನಿನ್ನ ಕೈಗಳ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಡಬೇಕಿತ್ತು. ಹೌದು, ನೋಡುತ್ತಿದ್ದೆ. ಕೋಪದಿಂದಲ್ಲ. ಆದರೆ ನೋಡುತ್ತಿರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ಶನಿವಾರ ಮಧ್ಯಾಹ್ನದ ಆಟಕ್ಕೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡೆ. ಕೊನೆಯ ಸಾಲು, ಗೋಡೆಯ ಪಕ್ಕದ ಕುರ್ಚಿ. ಹಾಡುಗಳು ನನಗೆ ಅಷ್ಟಾಗಿ ಕೇಳಲಿಲ್ಲ. ದೊಡ್ಡ ವಾದ್ಯ ಬಂದಾಗ ಕುರ್ಚಿಯ ಹಿಡಿ ನಡುಗುತ್ತಿತ್ತು, ಅಷ್ಟೇ ನನ್ನ ಪಾಲಿನ ಸಂಗೀತ. ಕಣ್ಣಿಂದ ನೋಡಿದ್ದನ್ನು ಹೇಳುವುದಾದರೆ, ನೀನು ಕಥೆಯನ್ನು ಕೆಡಿಸಿಲ್ಲ. ನದಿ ಉಕ್ಕುವಾಗ ಇಪ್ಪತ್ತು ಜನ ಒಟ್ಟಿಗೆ ಬಾಯಿ ತೆರೆದರಲ್ಲ, ನನ್ನ ಎದೆ ಹಿಡಿದುಕೊಂಡಿತು. ನಿನ್ನ ಅಪ್ಪ ಇದ್ದಿದ್ದರೆ ಮೂಗು ಮುರಿದು, ಮನೆಗೆ ಬಂದ ಮೇಲೆ ಅದೇ ಹಾಡನ್ನು ಗುನುಗುತ್ತಿದ್ದರು.

ಆಮೇಲೆ ಆ ಜಾಗ ಬಂತು. ಅದು ಮಾತ್ರ ನನಗೆ ಪೂರ್ತಿ ಕೇಳಿಸಿತು. ಕೈ ತಾನಾಗಿಯೇ ಮಡಿಲಿಗೆ ಬಂದು ಬೆರಳು ಮಡಚತೊಡಗಿತು. ಮೂವತ್ತು ಆದಾಗ ಕಣ್ಣು ಮುಚ್ಚಿಕೊಳ್ಳೋಣ ಅನ್ನಿಸಿತು. ಮುಚ್ಚಲಿಲ್ಲ. ಆಗ ಆ ನಟ, ಮೊಣಕಾಲಿನ ಮೇಲಿದ್ದ ಬಲಗೈಯ ಒಂದು ಬೆರಳನ್ನು ಅಲುಗಿಸಿದ. ಮತ್ತೆ ಇನ್ನೊಂದನ್ನು. ಕೈ ನಡುಗಿತು, ಜಾರಿತು, ಮತ್ತೆ ಮೇಲೆ ಬಂತು. ಅರವತ್ತು ದಾಟಿದ ಮೇಲೆ ನಿಧಾನವಾಗಿ ಮಗುಚಿ ಅಂಗೈ ಮೇಲಾಯಿತು.

ಆ ಸನ್ನೆ ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಏಪ್ರಿಲಿನಿಂದ ಮೂರನೆಯವಳಿಗೆ. ಉಳಿದ ಜನ ಅದನ್ನು ಏನೆಂದುಕೊಂಡರೋ ಗೊತ್ತಿಲ್ಲ. ದೇವರನ್ನು ಬೇಡುತ್ತಿದ್ದಾನೆ ಅಂದುಕೊಂಡಿರಬೇಕು. ಅದನ್ನು ನೀನು ನನಗೆ ಶಿಕ್ಷೆಯೆಂದು ಇಟ್ಟೆಯೋ, ನಿನ್ನ ಅಪ್ಪನಿಗೆ ಸಿಗದೆ ಹೋದದ್ದು ಸಿಗಲಿ ಎಂದು ಇಟ್ಟೆಯೋ, ದಾರಿಯುದ್ದಕ್ಕೂ ಯೋಚಿಸಿದೆ. ತಿಳಿಯಲಿಲ್ಲ. ನೀನೂ ತಿಳಿಸುವುದಿಲ್ಲ ಎಂದು ಗೊತ್ತು.

ಚಪ್ಪಾಳೆಯ ಹೊತ್ತಿಗೆ ನಿನ್ನನ್ನು ಕಂಡೆ. ಪಕ್ಕದ ಬಾಗಿಲ ಬಳಿ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ಬಹಳ ಇಳಿದುಹೋಗಿದ್ದೀಯ. ನಾನು ಕೂತಿದ್ದ ಕಡೆ ನೀನು ಒಂದು ಸಲ ನೋಡಿದೆ, ಕತ್ತಲೆಯಲ್ಲಿ ನಿನಗೆ ಕಾಣಿಸಿತೋ ಇಲ್ಲವೋ. ನಾನು ನಿನ್ನನ್ನು ಮಾತಾಡಿಸದೆ ಊರಿಗೆ ಬಂದುಬಿಟ್ಟೆ.

ಆದರೆ ನೀನು ಯಾಕೆ ಈ ಕಡೆ ತಿರುಗಿದೆ ಎಂದು ನಾನು ಹೇಳಬಲ್ಲೆ. ಕೈ ಮಗುಚಿದ್ದನ್ನು ಕಂಡ ಕೂಡಲೆ ನನಗೆ ನನ್ನ ಕೆಲಸ ನೆನಪಾಯಿತು. ಕೂತಲ್ಲಿಂದಲೇ, "ನಾನು ಬಂದೆ. ಸ್ವಲ್ಪ ತಡವಾಯಿತು, ಅಷ್ಟೆ" ಅಂದೆ. ಮೆಲ್ಲಗೆ ಅಂದೆ ಅಂದುಕೊಂಡಿದ್ದೆ. ನನ್ನ ದನಿ ಎಷ್ಟು ದೊಡ್ಡದೆಂದು ಈಗ ನನಗೇ ತಿಳಿಯುವುದಿಲ್ಲ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಪಕ್ಕದ ಹೆಂಗಸು ನನ್ನ ಮೊಣಕೈ ಮುಟ್ಟಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ನಾನು ಸುಮ್ಮನಾದೆ.

ಅಮ್ಮ